ಅಡವಿಗೆ ಅಟ್ಟಿದ ಆಡು

ಬ್ರಹ್ಮಾವರ
೬ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಶ್ರೀಲತಾಳಿಗೆ,

ಮೂರು ಸಲ ನಿನ್ನ ನಂಬರು ಒತ್ತಿ, ಮೂರು ಸಲವೂ ನೀನು ಎತ್ತುವ ಮೊದಲೇ ಕತ್ತರಿಸಿದೆ. ನಿನ್ನ ಧ್ವನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ ಎಂದು ಗೊತ್ತಾಯಿತು, ಅದಕ್ಕೇ ಈ ಕಾಗದ. ಹತ್ತನೇ ತರಗತಿಯಲ್ಲಿ ನಿನಗೆ ಪತ್ರಲೇಖನ ಕಲಿಸಿದವಳು ನಾನು. ರಜೆ ಕೋರುವುದು, ಅಭಿನಂದಿಸುವುದು, ಸಂತಾಪ ಸೂಚಿಸುವುದು ಎಲ್ಲ ಕಲಿಸಿದ್ದೆ. ತಮ್ಮನ ಪರವಾಗಿ ತಲೆ ತಗ್ಗಿಸುವ ಪತ್ರ ಹೇಗೆ ಬರೆಯುವುದೆಂದು ನನಗೇ ತಿಳಿಯದು.

ಹನ್ನೊಂದು ವರ್ಷದ ಹಿಂದೆ ನಿನ್ನ ಗಂಡನ ಎದುರು ಕೂತು, "ರತನ್, ಇವನಿಗೆ ನಿಮ್ಮ ಮೀನಿನ ಗಾಡಿಯಲ್ಲಿ ಕೆಲಸ ಕೊಡಿ, ನನ್ನ ತಮ್ಮ ಎಂದು ಹೇಳುತ್ತಿಲ್ಲ, ಬೊನಿಫಾಸ್ ನಂಬಬಹುದಾದ ಹುಡುಗ" ಎಂದವಳು ನಾನೇ. ನೀವು ನಂಬಿದಿರಿ. ನಿಮ್ಮ ಮನೆಯಲ್ಲಿ ಅವನಿಗೆಂದೇ ಒಂದು ತಟ್ಟೆ ಇತ್ತು. ಈಗ ತ್ರಾಸಿಯ ಹೆದ್ದಾರಿಯಲ್ಲಿ ಬೆಳಗಿನ ಆರು ಗಂಟೆಗೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮುದುಕನ ಮೇಲೆ ಗಾಡಿ ಹಾಯಿಸಿ, ಅವರ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲದ ಹಾಗೆ ಮಾಡಿದ್ದಾನೆ. ನಿಮ್ಮ ಹೆಸರನ್ನೂ ಕೋರ್ಟಿಗೆ ಎಳೆದಿದ್ದಾನೆ. ನನಗೆ ನಾಚಿಕೆಯಾಗುತ್ತಿದೆ, ಶ್ರೀಲತಾ. ಇಗರ್ಜಿಯಲ್ಲಿ ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ ಏಳುತ್ತೇನೆ.

ಜಾಮೀನು ಸಿಕ್ಕ ನಾಲ್ಕನೇ ದಿನ ಬಂದಿದ್ದ. "ಹೇಗಾಯಿತು?" ಎಂದು ಕೇಳಿದೆ. ನಿದ್ದೆಗೆಟ್ಟಿದ್ದೆಯಾ, ಫೋನಿನಲ್ಲಿದ್ದೆಯಾ, ಕುಡಿದಿದ್ದೆಯಾ? ಗೋಡೆ ನೋಡುತ್ತ ಕೂತ. ಅಮ್ಮ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಎತ್ತಿ ಸಾಕಿದವಳಿಗೆ ಒಂದು ಉತ್ತರ ಕೊಡಲಿಲ್ಲ. ಜಗಲಿಯಲ್ಲಿ ತಟ್ಟೆ ಇಟ್ಟು, ಬಾಯಿಬಿಟ್ಟು ನಿಜ ಹೇಳುವ ದಿನ ಒಳಗೆ ಬಾ ಎಂದೆ. ಅರ್ಧ ತಿಂದು, ತಟ್ಟೆ ತೊಳೆದಿಟ್ಟು ಹೋದ. ರತ್ನಾಗಿರಿಯಲ್ಲಿ ಯಾವುದೋ ಬೋಟಿಗೆ ಸೇರಿದ್ದಾನಂತೆ.

ನಿಮ್ಮಿಬ್ಬರ ಕ್ಷಮೆ ಕೇಳಲು ಬರೆದೆ. ಕಾಲು ಕಳೆದುಕೊಂಡ ಆ ಬಚ್ಚ ಎಂಬವರು ಹೇಗಿದ್ದಾರೆಂದು ಗೊತ್ತಿದ್ದರೆ ಒಂದು ಸಾಲು ತಿಳಿಸು.

ಇನ್ನೂ ನಿನ್ನ ಟೀಚರ್ ಎನ್ನಿಸಿಕೊಳ್ಳಬಹುದಾದರೆ,
ಸೆಲಿನ್


ಉಪ್ಪುಂದ
೨೦ ಅಕ್ಟೋಬರ್ ೨೦೨೪

ಬೊನಿ,

ನಿನ್ನ ವಿಳಾಸ ಗಂಗೊಳ್ಳಿಯ ಅಜಿತನಿಂದ ಸಿಕ್ಕಿತು, ಅವನ ಬಾವನೂ ನಿನ್ನದೇ ಬೋಟಿನಲ್ಲಿದ್ದಾನಂತೆ. ನೀನು ಫೋನ್ ಎತ್ತುವುದಿಲ್ಲ. ಎತ್ತದಿರುವುದೇ ಒಳ್ಳೆಯದಾಯಿತು ಎಂದು ಒಳಗೊಳಗೇ ಅನ್ನಿಸಿದ್ದನ್ನೂ ಬರೆದುಬಿಡುತ್ತೇನೆ.

ನಿನ್ನ ಅಕ್ಕ ನನಗೆ ಕಾಗದ ಬರೆದಿದ್ದಾರೆ. ನನ್ನ ಹತ್ತಿರ ಕ್ಷಮೆ ಕೇಳಿದ್ದಾರೆ, ಬೊನಿ. ನನ್ನ ಹತ್ತಿರ! ಓದುತ್ತ ಓದುತ್ತ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಬೆಳಿಗ್ಗೆ ದಿನಾ ಬರುತ್ತದೆ. ಗಂಗೊಳ್ಳಿಯಲ್ಲಿ ಮೀನು ತುಂಬಿಸಿ ತ್ರಾಸಿಗೆ ಬಂದಾಗ ನೀನು ಎಂದಿನ ಹಾಗೆ ಇಳಿದು ಸ್ಟಿಯರಿಂಗ್ ನನಗೆ ಕೊಟ್ಟೆ. ಹದಿನೈದು ದಿನದಿಂದ ಹಾಗೇ ಕಲಿಯುತ್ತಿದ್ದೆ. ಎಲ್‌ಎಲ್‌ಆರ್ ಮಾಡಿಸಿಕೊಳ್ಳಿ ಎಂದು ನೀನು ಹೇಳಿದರೂ ಕೇಳಲಿಲ್ಲ, ಸಮುದ್ರದ ಬದಿಯ ನೇರ ರಸ್ತೆಯಲ್ಲಿ ಎಂತ ಆಗುತ್ತದೆ ಎಂದೆ. ಸೈಕಲ್ ಕಂಡಿತು. ಬ್ರೇಕ್ ಎಂದು ತುಳಿದದ್ದು ಆಕ್ಸಿಲರೇಟರ್. ಆಮೇಲೆ ಸೈಕಲ್ಲಿಗೆ ಕಟ್ಟಿದ್ದ ಹಾಲಿನ ಕ್ಯಾನು ಉರುಳಿದ ಸದ್ದು. ನನ್ನ ಕೈ ಸ್ಟಿಯರಿಂಗಿನಿಂದ ಬಿಡಿಸಿದವನು ನೀನು. "ಲತಕ್ಕ, ಇಳ್ದ್ ಬದಿಗ್ ನಿಲ್ಲಿ. ಗಾಡಿ ಬಿಡ್ತಿದ್ದದ್ ನಾನ್. ಬಸ್ ಬಂದ್ರೆ ಹತ್ತಿ ಹೋಯ್ನಿ" ಎಂದೆ. ನಾನು ಹತ್ತಿ ಹೋದೆ, ಬೊನಿ. ಕಂಡಕ್ಟರಿಗೆ ಚಿಲ್ಲರೆ ಕೊಟ್ಟು ಟಿಕೆಟ್ ತೆಗೆದುಕೊಂಡೆ.

ಹೇಳಿಬಿಡುತ್ತೇನೆ ಎಂದು ಅವತ್ತೇ ರತನ್ ಹತ್ತಿರ ಅಂದೆ. "ಹೇಳಿರ್ ಎಂತ ಸಿಕ್ಕತ್ತ್? ಲೈಸೆನ್ಸ್ ಇಲ್ದಿದ್ ಹೆಂಗ್ಸ್ ಬಿಟ್ಟದ್ ಅಂದ್ರೆ ಇನ್ಶೂರೆನ್ಸಿನರ್ ಕೈ ಎತ್ತತ್ರ್. ಆ ಮುದ್ಕಂಗೇ ನಷ್ಟ" ಎಂದರು. ಆ ಮಾತನ್ನು ಹಿಡಿದುಕೊಂಡು ಒಂದು ತಿಂಗಳು ಕಳೆದೆ. ಮುದುಕನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಬರುವುದಿಲ್ಲ.

ಟೀಚರಿಗೆ ನಿಜ ಹೇಳಲಾ? ನೀನು ಹೂಂ ಎಂದರೆ ಹೇಳುತ್ತೇನೆ.

ನಿನ್ನ
ಲತಕ್ಕ


ಉಪ್ಪುಂದ
೧೦ ನವೆಂಬರ್ ೨೦೨೪

ಪೂಜ್ಯ ಟೀಚರಿಗೆ,

ನಿಮ್ಮ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ದಯವಿಟ್ಟು ನನ್ನ ಹತ್ತಿರ ಕ್ಷಮೆ ಕೇಳಬೇಡಿ. ನೀವು ಕೇಳಬೇಕಾದ್ದು ಏನೂ ಇಲ್ಲ. ಬಚ್ಚಣ್ಣ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರಂತೆ. ಅವರ ಹೆಂಡತಿ ಅಮ್ಮಣಿಯಮ್ಮ ನೋಡಿಕೊಳ್ಳುತ್ತಿದ್ದಾರೆ. ಬೊನಿಯ ಮೇಲೆ ಅಷ್ಟು ಸಿಟ್ಟಾಗಬೇಡಿ. ಮಾತು ಬಾರದೆ ಕೂತವರೆಲ್ಲ ತಪ್ಪು ಮಾಡಿದವರೇ ಆಗಿರಬೇಕೆಂದಿಲ್ಲ.

ಇಲ್ಲಿಯ ಸುದ್ದಿ ಎಂದರೆ, ನಮ್ಮ ಅತ್ತೆ ಜಲಜಮ್ಮ ಗಾಡಿಗೆ ಯಾರದೋ ಕಣ್ಣು ಬಿತ್ತೆಂದು ನಿಶ್ಚಯ ಮಾಡಿದರು. "ಬೊಬ್ಬರ್ಯಂಗ್ ಒಂದ್ ಕೋಳಿ ಕೊಡುವ, ಎಲ್ಲ ಸಮ ಆತ್ತ್" ಎಂದರು. ಹೋದ ವಾರ ಆ ದೈವಕ್ಕೆ ಕೊಟ್ಟೆವು. ಕೋಳಿಯನ್ನು ಹಿಡಿದುಕೊಂಡು ನಿಂತವಳು ನಾನು. ಅದಕ್ಕೂ ಮೊದಲು ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದಿದ್ದೆ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾದರೆ ನಾಣ್ಯ ಹಾಕಿ ಕೈಮುಗಿಯುತ್ತೇವೆ. ಏನು ತಪ್ಪು ಎಂದು ಅರ್ಚಕರು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಮೊದಲೆಲ್ಲ ಹಾಕಿ ಬಂದರೆ ಮೈ ಹಗುರಾಗುತ್ತಿತ್ತು. ಈ ಸಲ ಆಗಲಿಲ್ಲ.

ಅದಕ್ಕೇ ನಿಮ್ಮನ್ನು ಕೇಳಬೇಕೆನಿಸಿತು. ನಿಮ್ಮ ಧರ್ಮಕ್ಕೂ ಹಿಂದಿನ ಕಾಲದಲ್ಲಿ, ಇಸ್ರಾಯೇಲರೆಂಬವರು ಆಡು ಕುರಿ ಬಲಿ ಕೊಡುತ್ತಿದ್ದರೆಂದು ನೀವೊಮ್ಮೆ ಹೇಳಿದ್ದಿರಿ. ಅವರ ಬಲಿಗೂ ನೀವು ಶಿಲುಬೆಯ ಮುಂದೆ ಮೊಣಕಾಲೂರುವುದಕ್ಕೂ ಸಂಬಂಧ ಏನು? ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆ ಮೇಲೆ ಹಾಕಿದರೆ ತಪ್ಪು ಹೋಗುತ್ತದಾ? ಸುಮ್ಮನೆ ಕೇಳಿದೆ. ಹೋಗಿ ಬರುವ ಕೆಲಸದ ನಡುವೆ ತಲೆಗೆ ಬಂದದ್ದು.

ನಿಮ್ಮ ಹಳೇ ವಿದ್ಯಾರ್ಥಿನಿ,
ಶ್ರೀಲತಾ


ಬ್ರಹ್ಮಾವರ
೮ ಡಿಸೆಂಬರ್ ೨೦೨೪

ಪ್ರೀತಿಯ ಶ್ರೀಲತಾ,

ಸುಮ್ಮನೆ ಕೇಳಿದೆ ಎನ್ನುತ್ತೀಯ. ಹೈಸ್ಕೂಲಿನಲ್ಲಿಯೂ ನೀನು ಹಾಗೆಯೇ, ತಲೆ ಕೆಡಿಸಿಕೊಂಡ ಪ್ರಶ್ನೆಯನ್ನೇ "ಸುಮ್ಮನೆ" ಎಂದು ಕೇಳುತ್ತಿದ್ದೆ. ಮೂವತ್ತು ವರ್ಷದಿಂದ ಭಾನುವಾರದ ಧರ್ಮಶಿಕ್ಷಣದಲ್ಲಿ ಮಕ್ಕಳಿಗೆ ಇದೇ ಪಾಠ ಮಾಡುತ್ತಿದ್ದೇನೆ, ನಿನಗೆ ಹೇಳಲು ಕಷ್ಟವಿಲ್ಲ. ಕಷ್ಟ ಬೇರೆ ಕಡೆ ಇದೆ.

ಆ ಜನರ ಬಲಿಯಲ್ಲಿ ಮೊದಲ ಕೆಲಸ ಯಾಜಕನದ್ದಲ್ಲ. ತಪ್ಪು ಮಾಡಿದವನೇ ಪಶುವನ್ನು ತಂದು, ಅದರ ತಲೆಯ ಮೇಲೆ ತನ್ನ ಕೈ ಊರಬೇಕಿತ್ತು. ಬೇರೆಯವರಿಂದ ಮಾಡಿಸಿಕೊಳ್ಳುವ ಹಾಗಿರಲಿಲ್ಲ. ಆಮೇಲೆ ರಕ್ತ. ರಕ್ತದಲ್ಲಿ ಜೀವ ಇದೆ, ಜೀವ ದೇವರದ್ದು ಎಂದು ಅವರ ನಂಬಿಕೆ. ಆ ರಕ್ತವನ್ನು ಹಚ್ಚುತ್ತಿದ್ದದ್ದು ಬಲಿಪೀಠಕ್ಕೆ, ಮನುಷ್ಯನಿಗಲ್ಲ. ಯಾಕೆಂದರೆ ಮನುಷ್ಯ ಮಾಡಿದ ಕೊಳೆ ಅವನ ಮೈಮೇಲೆ ಮಾತ್ರ ಉಳಿಯುವುದಿಲ್ಲ, ದೇವರ ಮನೆಗೂ ಹತ್ತುತ್ತದೆ. ಒಲೆಯ ಹೊಗೆ ಪಕ್ಕದ ಕೋಣೆಯ ಗೋಡೆಗೂ ಹತ್ತುವ ಹಾಗೆ. ಅದನ್ನು ತೊಳೆಯದಿದ್ದರೆ ದೇವರು ಅಲ್ಲಿ ಇರಲಾರ.

ವರ್ಷಕ್ಕೊಂದು ದಿನ ಎರಡು ಆಡು ತರುತ್ತಿದ್ದರು. ಚೀಟಿ ಹಾಕಿ ಒಂದನ್ನು ಬಲಿ ಕೊಡುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ಅಪರಾಧಗಳನ್ನೆಲ್ಲ ಬಾಯಿಬಿಟ್ಟು ಹೇಳಿ, ಅವನ್ನು ಅದಕ್ಕೆ ಹೊರಿಸಿ ಅಡವಿಗೆ ಅಟ್ಟಿಸುತ್ತಿದ್ದ. ನಿನ್ನ ತಪ್ಪುಕಾಣಿಕೆಗೂ ಇದಕ್ಕೂ ವ್ಯತ್ಯಾಸ ಅಲ್ಲಿದೆ ನೋಡು. ಅಲ್ಲಿ ಹೇಳಬೇಕಿತ್ತು. ಅರಿಯದೆ ಮಾಡಿದ ತಪ್ಪಿಗೆ ಬಲಿ ಇತ್ತು. ನೆರೆಯವನಿಗೆ ಅನ್ಯಾಯ ಮಾಡಿ ಸುಳ್ಳು ಹೇಳಿದವನಿಗೂ ಇತ್ತು, ಆದರೆ ಅವನು ಮೊದಲು ಒಪ್ಪಿಕೊಂಡು, ನೆರೆಯವನಿಂದ ತೆಗೆದದ್ದನ್ನು ಹೆಚ್ಚಿಗೆ ಸೇರಿಸಿ ಹಿಂದಿರುಗಿಸಿ, ಆಮೇಲೆ ಟಗರು ತರಬೇಕು. ಬೇಕೆಂದೇ ಸೊಕ್ಕಿನಿಂದ ಮಾಡಿ ಒಪ್ಪಿಕೊಳ್ಳದವನಿಗೆ ಯಾವ ಪಶುವೂ ಇರಲಿಲ್ಲ. ಯೆಹೂದ್ಯರಿಗೆ ಈಗ ದೇವಾಲಯವೂ ಇಲ್ಲ, ಬಲಿಯೂ ಇಲ್ಲ. ಆದರೂ ಆ ದಿನ ಉಪವಾಸವಿದ್ದು ಪ್ರಾರ್ಥಿಸುತ್ತಾರೆ. ನೊಂದವನ ಹತ್ತಿರ ಹೋಗಿ ಸಮಾಧಾನ ಮಾಡದೆ ಬಂದರೆ ಆ ದಿನವೂ ಉಪಯೋಗಕ್ಕಿಲ್ಲ ಎನ್ನುತ್ತಾರಂತೆ.

ನಾವು ಕ್ರೈಸ್ತರು ನಂಬುವುದು, ಆ ಎಲ್ಲ ಬಲಿಗಳು ಯಾವುದನ್ನು ವರ್ಷ ವರ್ಷ ಮಾಡಿಯೂ ಮುಗಿಸಲಾಗಲಿಲ್ಲವೋ ಅದನ್ನು ಯೇಸು ಒಂದೇ ಸಲ ಮಾಡಿ ಮುಗಿಸಿದ ಎಂದು. ಯಾಜಕನೂ ಅವನೇ, ಬಲಿಯೂ ಅವನೇ. ಮೊನ್ನೆ ಒಬ್ಬಳು ಪುಟ್ಟ ಹುಡುಗಿ, "ಒಬ್ಬರು ತಪ್ಪು ಮಾಡಿದ್ರೆ ಇನ್ನೊಬ್ಬರಿಗೆ ಯಾಕೆ ಪೆಟ್ಟು?" ಎಂದು ಕೇಳಿದಳು. "ಆಡನ್ನು ಎಳೆದು ತಂದರು, ಯೇಸು ತಾನಾಗಿ ಬಂದ" ಎಂದೆ. ಸರಿಯಾದ ಉತ್ತರವೇ. ಆದರೆ ನನ್ನ ಬಾಯಲ್ಲಿ ಅದು ಒಣಗಿತ್ತು. ನನ್ನ ತಮ್ಮನಿಗೆ ನಾನು ಕೇಳಿದ್ದು ಬಾಯಿಬಿಟ್ಟು ಒಂದು ಮಾತು. ಅದನ್ನೂ ಕೊಡದವನಿಗೆ ಯಾವ ಕ್ಷಮೆ ಕೊಡಲಿ?

ಅವನು ಮಾಡದ್ದನ್ನು ಅವನ ಅಕ್ಕನಾದರೂ ಮಾಡಬೇಕು. ನಮ್ಮ ನಲವತ್ತು ದಿನದ ಉಪವಾಸದ ತಪಸ್ಸುಕಾಲ ಶುರುವಾಗುವ ಮೊದಲು ಬಚ್ಚರ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಒಬ್ಬಳೇ ಹೋಗಲು ಧೈರ್ಯವಿಲ್ಲ. ಫೆಬ್ರವರಿ ಎರಡಕ್ಕೆ ನೀನು ತ್ರಾಸಿ ಬಸ್‌ಸ್ಟ್ಯಾಂಡಿಗೆ ಬಾ, ಜೊತೆಗೆ ಹೋಗೋಣ.

ನಿನ್ನ
ಸೆಲಿನ್ ಟೀಚರ್


ರತ್ನಾಗಿರಿ
೧೯ ಜನವರಿ ೨೦೨೫

ಲತಕ್ಕನಿಗೆ ಬೊನಿಫಾಸ್ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದು ಎರಡೂವರೆ ತಿಂಗಳಾಯಿತು. ಬೋಟು ಹೋದರೆ ಹತ್ತು ಹದಿನೈದು ದಿನ ಬರುವುದಿಲ್ಲ. ಅದು ನೆವ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ.

ನಾನು ಹೂಂ ಎಂದರೆ ಹೇಳುತ್ತೇನೆ ಎಂದು ಬರೆದಿದ್ದೀರಿ. ಅದನ್ನೂ ನನ್ನ ಮೇಲೆ ಯಾಕೆ ಹಾಕುತ್ತೀರಿ ಲತಕ್ಕ? ಹಾಕಿದ್ದು ಸಾಲದಾ?

ಅವತ್ತು ನಾನು ಗಾಡಿ ಬಿಡುತ್ತಿದ್ದೆ ಎಂದದ್ದು ಅರ್ಧ ನಿಮಿಷದ ಮಾತು. ನೀವು ಸ್ಟಿಯರಿಂಗ್ ಬಿಡುತ್ತಿರಲಿಲ್ಲ, ಜನ ಓಡಿ ಬರುತ್ತಿದ್ದರು. ಕಲಿಸಿದವನು ನಾನು, ಪಕ್ಕದಲ್ಲಿ ಕೂತು ಫೋನ್ ನೋಡುತ್ತಿದ್ದವನೂ ನಾನೇ. ಒಂದು ವಾರದಲ್ಲಿ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಅರ್ಧ ನಿಮಿಷದಲ್ಲಿ ಹೊತ್ತದ್ದನ್ನು ಎಷ್ಟು ತಿಂಗಳು ಹೊರುತ್ತೀಯ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಪೊಲೀಸರಿಗೆ ಸುಳ್ಳು ಹೇಳಿದೆ. ಅಕ್ಕನ ಎದುರು ಸುಳ್ಳು ಬರಲಿಲ್ಲ. ನಿಜ ಹೇಳಿದರೆ ನಿಮ್ಮ ಹೆಸರು ಬರುತ್ತದೆ. ಅದಕ್ಕೆ ಗೋಡೆ ನೋಡಿದೆ. ಲೈಸೆನ್ಸ್ ಹೋದದ್ದಕ್ಕೆ ಬೇಜಾರಿಲ್ಲ. ಜಗಲಿಯಲ್ಲಿ ಊಟ ಹಾಕಿದ್ದು ಹೋಗುವುದಿಲ್ಲ. ಅಕ್ಕ ಒಳ್ಳೆಯವಳು, ಆದರೆ ಅವಳು ಶಿಲುಬೆಯ ಪಾಠ ಮಾಡುವಾಗ ನನ್ನನ್ನು ಯಾರೂ ಅದರಲ್ಲಿ ಸೇರಿಸಬಾರದು. ನಾನು ದೇವರ ಮಗ ಅಲ್ಲ. ನನಗೆ ಇಲ್ಲಿ ಬಲೆ ಎಳೆಯುವಾಗ ಸಿಟ್ಟು ಬರುತ್ತದೆ. ನಿಮ್ಮ ಮೇಲೆಯೂ ಬರುತ್ತದೆ. ಬಂದದ್ದಕ್ಕೆ ಆಮೇಲೆ ನಾಚಿಕೆಯೂ ಆಗುತ್ತದೆ.

ನಾನಾಗಿ ಯಾರಿಗೂ ಹೇಳುವುದಿಲ್ಲ. ನಿಮಗೆ ಮಾತು ಕೊಟ್ಟಿದ್ದೇನೆ.

ಇಂತಿ,
ಬೊನಿ


ಉಪ್ಪುಂದ
೩ ಫೆಬ್ರವರಿ ೨೦೨೫

ಟೀಚರ್,

ಇದನ್ನು ಓದುವಾಗ ಕೂತುಕೊಂಡು ಓದಿ.

ನಿನ್ನೆ ತ್ರಾಸಿಯಲ್ಲಿ ಬಸ್ಸಿಳಿದ ನಿಮ್ಮ ಕೈಯಲ್ಲಿ ಬಾಳೆಹಣ್ಣಿನ ಚೀಲ ಇತ್ತು. ನನ್ನ ಕೈ ಹಿಡಿದುಕೊಂಡು, "ನೀನು ಬಂದದ್ದು ದೊಡ್ಡ ಉಪಕಾರ" ಎಂದಿರಿ. ದಾರಿಯಲ್ಲಿ ಹೇಳಿಬಿಡಬೇಕೆಂದೇ ಬಂದಿದ್ದೆ. ಗೂಡಂಗಡಿ ದಾಟುವಾಗ ಹೇಳುತ್ತೇನೆ ಎಂದುಕೊಂಡೆ, ಆಮೇಲೆ ತೋಡಿನ ಹತ್ತಿರ, ಆಮೇಲೆ ಅವರ ಅಂಗಳದಲ್ಲಿ. ಒಳಗೆ ಹೋದ ಮೇಲೆ ನಾನು ಬಾಗಿಲ ಹತ್ತಿರವೇ ನಿಂತೆ.

ನೀವು ಬಚ್ಚಣ್ಣನ ಮಂಚದ ಪಕ್ಕ ನೆಲದ ಮೇಲೆ ಕೂತಿರಿ. ಅರವತ್ತು ವರ್ಷದ ಟೀಚರ್, ಯಾವತ್ತೂ ನಮ್ಮ ಎದುರು ನೆಲದ ಮೇಲೆ ಕೂತವರಲ್ಲ. ಅವರ ಉಳಿದ ಪಾದ ಮುಟ್ಟಿ, "ನನ್ನ ತಮ್ಮ ಮಾಡಿದ ತಪ್ಪು ನನ್ನ ತಪ್ಪೇ" ಎಂದಿರಿ. ಬಚ್ಚಣ್ಣ ಒಂದು ಮಾತೂ ಆಡಲಿಲ್ಲ. ಅಮ್ಮಣಿಯಮ್ಮನೇ, "ಅವ್ರ್ ಈಗ ಯಾರ್ ಹತ್ರೂ ಮಾತಾಡುದಿಲ್ಲೆ. ನೀವ್ ಬೇಜಾರ್ ಮಾಡ್ಕಣ್ಬೇಡಿ" ಎಂದರು. ನೀವು ಅತ್ತಿರಿ. ಬಚ್ಚಣ್ಣ ನಿಮ್ಮನ್ನು ನೋಡುತ್ತಿರಲಿಲ್ಲ, ಟೀಚರ್. ನನ್ನನ್ನು ನೋಡುತ್ತಿದ್ದರು.

ಗಾಡಿ ಬಿಡುತ್ತಿದ್ದವಳು ನಾನು.

ಬೊನಿ ಪಕ್ಕದಲ್ಲಿ ಕೂತಿದ್ದ. ಲೈಸೆನ್ಸ್ ಇಲ್ಲದ ನಾನು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿದೆ. ಬೊನಿ ನನ್ನನ್ನು ಇಳಿಸಿ ಬಸ್ಸಿಗೆ ಕಳಿಸಿ ತಾನು ಒಪ್ಪಿಕೊಂಡ. ರತನ್‌ಗೆ ಅವತ್ತಿನಿಂದಲೇ ಗೊತ್ತು. ನೀವು ಅಷ್ಟು ಸಲ ಕೇಳಿದರೂ ಅವನು ಬಾಯಿಬಿಡದಿದ್ದದ್ದು ನಿಮಗೆ ಸುಳ್ಳು ಹೇಳಲು ಆಗದೆ.

ನಿಮ್ಮ ಡಿಸೆಂಬರಿನ ಕಾಗದ ಬಂದಾಗ ನನಗೆ ಮೊದಲು ಆದದ್ದು ಸಮಾಧಾನ. ಅದನ್ನು ಮುಚ್ಚಿಡುವುದಿಲ್ಲ. ಇವರ ಧರ್ಮದಲ್ಲೇ ಇದೆ, ಒಬ್ಬರದ್ದನ್ನು ಇನ್ನೊಬ್ಬರು ಹೊರಬಹುದು, ಬೊನಿಯೂ ತಾನಾಗಿ ಬಂದವನೇ ಎಂದು ಎರಡು ದಿನ ಸುಖವಾಗಿ ನಿದ್ದೆ ಮಾಡಿದೆ. ಮೂರನೇ ದಿನ ಮತ್ತೆ ಓದಿದೆ. ಕೈ ಇಡಬೇಕಾದವನು ತಪ್ಪು ಮಾಡಿದವನೇ ಎಂದು ನೀವು ಬರೆದ ಜಾಗದಲ್ಲಿ ನಿಂತೆ. ಕೋಳಿ ಹಿಡಿದುಕೊಂಡು ನಿಂತಾಗ ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು. ನಾನು ಒಂದು ಮಾತೂ ಹೇಳಲಿಲ್ಲ. ಬೊನಿಯ ಮೇಲೆಯೂ ನನ್ನದೆಲ್ಲ ಹೊರಿಸಿದೆ, ಬಾಯಿ ಮಾತ್ರ ತೆರೆಯಲಿಲ್ಲ. ನಿಮ್ಮ ಆಡಿನ ಜನ ಅದಕ್ಕೆ ಹೊರಿಸುವಾಗ ನಿಜವನ್ನಾದರೂ ಹೇಳುತ್ತಿದ್ದರು.

ಇಷ್ಟು ತಿಂಗಳು ನಾನು ನಾಚಿಕೆ ನಾಚಿಕೆ ಎನ್ನುತ್ತಿದ್ದದ್ದು ಯಾರಿಗಾದರೂ ತಿಳಿದೀತೆಂಬ ಹೆದರಿಕೆ. ನಿನ್ನೆ ನೀವು ನೆಲದ ಮೇಲೆ ಕೂತಾಗ ಆದದ್ದೇ ನಿಜವಾದ ನಾಚಿಕೆ. ನಾನು ನಿಮ್ಮನ್ನು ಎಬ್ಬಿಸಲೂ ಇಲ್ಲ. ಹೊರಗೆ ಬಂದ ಮೇಲೆ ನೀವೇ ನನಗೆ ಒಂದು ಬಾಳೆಹಣ್ಣು ಕೊಟ್ಟಿರಿ, ನಾನು ತಿಂದೆ.

ಕ್ಷಮಿಸಿ ಎಂದು ಬರೆಯಲು ನನಗೆ ಮುಖ ಇಲ್ಲ.

ಶ್ರೀಲತಾ


ಬ್ರಹ್ಮಾವರ
೯ ಮಾರ್ಚ್ ೨೦೨೫

ಶ್ರೀಲತಾ,

ನಿನ್ನ ಕಾಗದ ಸಿಕ್ಕಿ ತಿಂಗಳು ಕಳೆಯಿತು. ಮೊದಲ ವಾರ ಬರೆದಿದ್ದರೆ ನೀನು ಓದಬಾರದ ಮಾತುಗಳಿರುತ್ತಿದ್ದವು. ಬರೆದೆ ಕೂಡ. ಒಲೆಗೆ ಹಾಕಿದೆ.

ಆಮೇಲೆ ನಿನ್ನ ಮೇಲಿನ ಸಿಟ್ಟನ್ನು ಎಷ್ಟು ದೊಡ್ಡದು ಮಾಡಿದರೂ ಅದರ ಹಿಂದೆ ನಾನು ಅಡಗಿ ಕೂರಲು ಆಗಲಿಲ್ಲ. ಅವನಿಗೆ ಜಗಲಿಯಲ್ಲಿ ತಟ್ಟೆ ಇಟ್ಟವಳು ನೀನಲ್ಲ. ಅವನು ಬಾಯಿಬಿಡದಿದ್ದರೆ ತಪ್ಪೇ ಮಾಡಿರಬೇಕೆಂದು ತೀರ್ಮಾನ ಮಾಡಿದವಳು ನೀನಲ್ಲ. ಮೂವತ್ತು ವರ್ಷ ಆ ಎರಡು ಆಡುಗಳ ಪಾಠ ಮಾಡಿದ್ದೇನೆ. ಹಲಗೆಯ ಮೇಲೆ ಬಾಣದ ಗುರುತು ಹಾಕಿ, ಇದು ಅಡವಿಗೆ ಹೋಯಿತು ಎಂದು ಬರೆದು, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅಡವಿಯಲ್ಲಿ ಅದಕ್ಕೆ ಏನಾಯಿತೆಂದು ಒಂದು ಮಗುವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಶಿಲುಬೆಯ ಬುಡದಲ್ಲಿ ತಾಯಿ ನಿಂತಿದ್ದಳು ಎನ್ನುವಾಗ ಪ್ರತಿ ವರ್ಷ ನನ್ನ ಕಣ್ಣು ಒದ್ದೆಯಾಗುತ್ತಿತ್ತು. ನಾನು ಸಾಕಿದ ಹುಡುಗ ಅರ್ಧ ಊಟಕ್ಕೆ ಎದ್ದು ಹೋಗುವಾಗ ಬಾಗಿಲು ಹಾಕಿಕೊಂಡೆ.

ರೈಲಿನಲ್ಲಿ ರತ್ನಾಗಿರಿಗೆ ಹೋಗಿದ್ದೆ. ಬೋಟು ಕಟ್ಟುವ ಧಕ್ಕೆಯಲ್ಲಿ ಎರಡು ದಿನ ಕಾದ ಮೇಲೆ ಬೋಟು ಬಂತು. ಅವನು ನನ್ನನ್ನು ಕಂಡವನೇ, "ಲತಕ್ಕ ಹೇಳಿದ್ರಾ?" ಎಂದ. ಹೂಂ ಎಂದೆ. ಮೀನಿನ ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟ. ನಾನು ಕ್ಷಮೆ ಕೇಳಿದೆ. "ಆಯ್ತು ಅಕ್ಕ" ಎಂದ. ಊಟಕ್ಕೆ ಕರೆದುಕೊಂಡು ಹೋದೆ, ಹೆಚ್ಚು ತಿನ್ನಲಿಲ್ಲ. ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುವವರೆಗೆ ಮನೆಗೆ ಬರುವುದಿಲ್ಲವಂತೆ. ನಾನೊಂದು ಮಾತು ಹೇಳಿದ ತಕ್ಷಣ ಅವನಿಗೆ ಎಲ್ಲ ಸರಿಹೋಗಬೇಕೆಂದು ಬಯಸುವುದು ನನ್ನ ಹಳೇ ಕಾಯಿಲೆ.

ನಿನ್ನನ್ನು ನಾನು ಕ್ಷಮಿಸಿದ್ದೇನಾ? ಇನ್ನೂ ಇಲ್ಲ. ಕ್ಷಮಿಸಲೇಬೇಕು ಎನ್ನುವುದು ನನ್ನ ಧರ್ಮ, ಪ್ರಯತ್ನಿಸುತ್ತಿದ್ದೇನೆ. ಆದರೆ ನೀನು ಮೊದಲು ಬರಬೇಕಾದ ಬಾಗಿಲು ನನ್ನದಲ್ಲ. ನನಗೆ ಬರೆದು ಹಗುರಾದೆ ಎಂದುಕೊಂಡರೆ ಅದೂ ಒಂದು ತಪ್ಪುಕಾಣಿಕೆಯೇ ಆದೀತು. ಯಾರ ಕಾಲು ಹೋಯಿತೋ ಅವರ ಮನೆ ನಿನಗೆ ಗೊತ್ತಿದೆ. ಈ ಸಲ ನಾನು ಜೊತೆಗೆ ಬರುವುದಿಲ್ಲ.

ಸೆಲಿನ್


ಉಪ್ಪುಂದ
೨ ಏಪ್ರಿಲ್ ೨೦೨೫

ಟೀಚರ್,

ಹೋಗಿ ಬಂದೆ.

ಮನೆಯಲ್ಲಿ ಹೇಳಿಯೇ ಹೊರಟೆ. ರತನ್ ತಡೆದರು. ಗಾಡಿ ಹೋಗುತ್ತದೆ, ಸುಳ್ಳು ಹೇಳಿದ್ದಕ್ಕೆ ಎಲ್ಲರ ಮೇಲೂ ಕೇಸಾಗುತ್ತದೆ ಎಂದರು. ಅವರು ಹೇಳಿದ್ದೆಲ್ಲ ನಿಜ. ಅತ್ತೆಗೆ ಆಗಲೇ ವಿಷಯ ತಿಳಿದದ್ದು. "ಹಂಗಾರೆ ಆ ಕೋಳಿ ಕೊಟ್ಟದ್ ಎಂತಕ್?" ಎಂದು ಮಾತ್ರ ಕೇಳಿ ಒಳಗೆ ಹೋದರು. ನಾನು ಬಸ್ಸು ಹತ್ತಿದೆ.

ಅಮ್ಮಣಿಯಮ್ಮ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದರು. ಬಚ್ಚಣ್ಣ ಜಗಲಿಯ ಕುರ್ಚಿಯಲ್ಲಿದ್ದರು. ಕೂತರೆ ಮತ್ತೆ ಬಾಯಿ ಕಟ್ಟುತ್ತದೆಂದು ನಿಂತೇ ಹೇಳಿದೆ. "ಅವತ್ತು ಗಾಡಿ ಬಿಡುತ್ತಿದ್ದವಳು ನಾನು. ಬೊನಿಫಾಸ್ ಅಲ್ಲ. ನನಗೆ ಲೈಸೆನ್ಸ್ ಇರಲಿಲ್ಲ. ನಿಮ್ಮನ್ನು ರಸ್ತೆಯಲ್ಲಿ ಬಿಟ್ಟು ಬಸ್ಸು ಹತ್ತಿ ಹೋದೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಹೊಡೆಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಚ್ಚಣ್ಣ ಕುರ್ಚಿಯ ಕೈ ಹಿಡಿದು ಮುಂದೆ ಬಾಗಿ, "ಇನ್ನೊಂದ್ ಸಲ ಹೇಳ್" ಎಂದರು. ಅವರ ಧ್ವನಿ ಕೇಳಿದ್ದು ಅದೇ ಮೊದಲು. ಹೇಳಿದೆ.

ಅಮ್ಮಣಿಯಮ್ಮನ ಕೈಯಿಂದ ಗರಿ ಜಾರಿತು. ಆಮೇಲೆ ಅವರೇ ತಡೆದು ತಡೆದು ಹೇಳಿದರು. ಆಸ್ಪತ್ರೆಯಲ್ಲಿ ಎಚ್ಚರವಾದ ದಿನದಿಂದ ಬಚ್ಚಣ್ಣ ಒಂದೇ ಮಾತು ಹೇಳುತ್ತಿದ್ದರಂತೆ, ಗಾಡಿ ಬಿಡುತ್ತಿದ್ದದ್ದು ಹೆಂಗಸು, ಕೈಯಲ್ಲಿ ಹಸಿರು ಬಳೆ ಇತ್ತು ಎಂದು. ಪೊಲೀಸರು ನಕ್ಕರಂತೆ. ನೋಡಲು ಹೋಗಿದ್ದ ನನ್ನ ಗಂಡ, "ಮಂಡೆಗ್ ಪೆಟ್ಟ್ ಬಿದ್ದದಲ್ದಾ, ಹಂಗೇ ಎಂತೆಂತದೋ ಕಾಂತ್" ಎಂದು ಅಮ್ಮಣಿಯಮ್ಮನಿಗೆ ಸಮಾಧಾನ ಹೇಳಿ ಬಂದಿದ್ದರಂತೆ. ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಮಗ ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಬರೆಸಿಕೊಂಡು ಬಂದನಂತೆ. ಆಮೇಲೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ ಮನೆಯಲ್ಲಿ ಯಾರೂ ನಂಬದೆ ಇನ್ನೊಬ್ಬರ ಹತ್ತಿರ ರುಚಿ ನೋಡಿಸುತ್ತಿದ್ದರಂತೆ. ಹಾಗಾಗಿ ಅವರು ಮಾತು ಬಿಟ್ಟಿದ್ದರು.

ನಾನು ತೆಗೆದದ್ದು ಒಂದು ಕಾಲು ಎಂದುಕೊಂಡಿದ್ದೆ, ಟೀಚರ್. ಅದನ್ನು ಹೇಗೂ ಹಿಂದಿರುಗಿಸಲು ಆಗುವುದಿಲ್ಲ ಎಂದು ಅಳುತ್ತಿದ್ದೆ. ಅವರ ಮಾತನ್ನೂ ತೆಗೆದಿದ್ದೆ ಎಂದು ಗೊತ್ತೇ ಇರಲಿಲ್ಲ.

ಬಚ್ಚಣ್ಣ ನನ್ನನ್ನು ಕರೆದರು. "ಇಲ್ಲ್ ಹೇಳಿರ್ ಎಂತ ಆತ್ತ್? ಅಂಗ್ಳದಂಗ್ ನಿಂತ್ ಹೇಳ್. ಆಚೀಚಿ ಮನಿಯರಿಗ್ ಕೇಣ್ಲಿ."

ಅಂಗಳದ ನಡುವೆ ನಿಂತೆ. ಬಾವಿಕಟ್ಟೆಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು, ಪಕ್ಕದ ಮನೆಯ ದೇವು ಬೇಲಿಯ ಹತ್ತಿರ ಬಂದ. ನನ್ನ ಹೆಸರು, ಗಂಡನ ಹೆಸರು, ಊರು ಹೇಳಿ, ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಬಚ್ಚಣ್ಣ ಸಾಲದು ಎಂದರು. ಬೇಲಿಯಾಚೆ ಇನ್ನೂ ನಾಲ್ಕು ಜನ ಸೇರಿದ ಮೇಲೆ ಇನ್ನೊಮ್ಮೆ ಹೇಳಿದೆ. ಅಲ್ಲಿಂದ ನೇರ ಸ್ಟೇಷನ್ನಿಗೆ ಹೋಗಿ ಬರೆದುಕೊಟ್ಟೆ. ಅಲ್ಲಿ ಏನೇನು ಕೇಳಬೇಕೋ ಎಲ್ಲ ಕೇಳಿಸಿಕೊಂಡೆ. ಮುಂದಿನದ್ದು ವಕೀಲರು ಹೇಳುತ್ತಾರೆ.

ಅಂಗಳದಿಂದ ಹೊರಡುವ ಮುಂಚೆ ಬಚ್ಚಣ್ಣನ ಹತ್ತಿರ ಕ್ಷಮೆ ಕೇಳಬೇಕೆಂದು ತಿರುಗಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಅಮ್ಮಣಿಯಮ್ಮ ಅವರ ಕುರ್ಚಿಯ ಹತ್ತಿರ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಬಚ್ಚಣ್ಣ ಅವರ ತಲೆ ಮುಟ್ಟಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಕಂಡ್ಯ? ನನ್ ಮಂಡೆ ಸಮ ಇತ್ತ್."

ನಾನು ಏನೂ ಕೇಳದೆ ಬಂದೆ.

ಶ್ರೀಲತಾ